ಗುಡ್ಡದ ತೊಟ್ಟಿ ಮತ್ತು ನಾನು ಬರೆದ ಪರದೆ

ಪಂಪ್‌ಹೌಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ಬನಹಟ್ಟಿಯ ನಮ್ಮ ಮನೆಗೆ ಬರುತ್ತಾರೆ. ಚಹಾ ಮುಗಿದ ಮೇಲೆ, "ಮೇಡಂ, ನಮಗೊಂದೆರಡು ಬುದ್ಧಿಮಾತು ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಧೈರ್ಯದ ಮಾತು. ಅದು ನನ್ನ ಹತ್ತಿರ ಇಲ್ಲ. ನಾನು ಹುಟ್ಟು ಅಂಜುಬುರುಕಿ. ಹಲ್ಲಿ ಬಿದ್ದರೆ ಹೌಹಾರುವವಳು, ಕುಕ್ಕರ್ ಸೀಟಿ ಹೊಡೆದರೆ ಎರಡು ಹೆಜ್ಜೆ ಹಿಂದೆ ಸರಿಯುವವಳು. ಇಂಥವಳು ಅಷ್ಟು ದೊಡ್ಡ ಮೋಟಾರುಗಳ ನಡುವೆ ಇಪ್ಪತ್ತು ವರ್ಷ ಹೇಗೆ ಬಾಳಿದಳು ಎಂದು ನನ್ನ ಅಕ್ಕ ಇವತ್ತಿಗೂ ನಗುತ್ತಾಳೆ. ಅಂಜುತ್ತಲೇ ಬಾಳಿದೆ. ಅಂಜಿಕೆ ಬಿಟ್ಟದ್ದು ಒಂದೇ ಒಂದು ವರ್ಷ. ಆ ವರ್ಷ ಒಬ್ಬ ಮನುಷ್ಯನನ್ನು ಕೊಲ್ಲುವ ಹಂತಕ್ಕೆ ಹೋಗಿದ್ದೆ. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ.

1997ರವರೆಗೆ ನಾನು ಜಮಖಂಡಿಯ ಒಂದು ಆಫೀಸಿನಲ್ಲಿ ಕಡತ ನೋಡುತ್ತಿದ್ದ ಜೂನಿಯರ್ ಇಂಜಿನಿಯರು. ಆ ವರ್ಷ ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಒಂದು ಏತ ನೀರಾವರಿ ಪಂಪ್‌ಹೌಸಿಗೆ ಹಾಕಿದರು. ಊರಿನ ಹೆಸರು ಬೇಡ, ಅಲ್ಲಿ ಈಗಲೂ ಹೊಟ್ಟೆ ಹೊರೆಯುವವರಿದ್ದಾರೆ. ಕೆಳಗೆ ಅಣೆಕಟ್ಟು ಏರಿದಂತೆ ಹಿನ್ನೀರು ವರ್ಷ ವರ್ಷಕ್ಕೂ ನಮ್ಮತ್ತ ಸರಿದು ಬರುತ್ತಿದ್ದ ಕಾಲ ಅದು. ನಮ್ಮ ಕೆಲಸ ಹೇಳಿದರೆ ಇಷ್ಟೇ: ನದಿಯಿಂದ ನೀರೆತ್ತಿ, ಎರಡು ಮೈಲು ಉದ್ದದ ದಪ್ಪ ಕೊಳವೆಯಲ್ಲಿ ಗುಡ್ಡಕ್ಕೆ ಏರಿಸಿ, ಅಲ್ಲಿನ ತೊಟ್ಟಿಗೆ ಬಿಡುವುದು. ತೊಟ್ಟಿಯಿಂದ ಕಾಲುವೆ ಹೊರಡುತ್ತದೆ. ತೊಟ್ಟಿ ಎಂದರೆ ಮನೆಯ ಮುಂದಿನ ತೊಟ್ಟಿಯಲ್ಲ. ಮೂರಾಳು ಆಳದ, ಗೋಡೆಗೆ ಕಬ್ಬಿಣದ ಏಣಿ ಕೂರಿಸಿದ ಸಿಮೆಂಟಿನ ಗುಂಡಿ. ಪಂಪು ಚಾಲೂ ಆಗಿ ಕೊಳವೆಯ ಬಾಯಿಂದ ನೀರು ನುಗ್ಗಿದರೆ ಅದರ ಎದುರಿಗೆ ಎಮ್ಮೆಯೂ ನಿಲ್ಲಲಾರದು. ಪಂಪ್‌ಹೌಸಿನಲ್ಲಿ ನಿಂತವರಿಗೆ ಗುಡ್ಡ ಕಾಣುತ್ತದೆ, ತೊಟ್ಟಿ ಕಾಣುವುದಿಲ್ಲ. ಹಿಡಿಕೆ ನಮ್ಮ ಕೈಯಲ್ಲಿ, ನೀರು ಬೀಳುವ ಜಾಗ ಕಣ್ಣಿಗೆ ಮರೆ.

ಸೇರಿದ ಮೊದಲ ವಾರವೇ ತಪ್ಪು ಮಾಡಿದೆ. ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರಿಗೆ ಮೋಟಾರು ತಿರುಗದಿದ್ದರೂ ನಡೆದೀತು, ನೆಲ ಹೊಳೆಯಬೇಕು. ನಾನು ಗಾಜು ಒರೆಸಿ, ಬೋರ್ಡು ಒರೆಸಿ, ನೋಡುತ್ತೇನೆ, ಪಂಪು ಚಾಲೂ ಮಾಡುವ ಹಿಡಿಕೆಗೆ ಯಾರೋ ಬೆವರು ನಾರುವ ವಲ್ಲಿ ಕಟ್ಟಿ ಹೋಗಿದ್ದಾರೆ. ವಲ್ಲಿ ಎಂದರೆ ನಮ್ಮ ಕಡೆ ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ವಸ್ತ್ರ. ಮೂಗು ಹಿಡಿದುಕೊಂಡು ಬಿಚ್ಚಿ, ಮಡಚಿ, ಗೋಡೆಯ ಮೊಳೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಗುರುಪಾದಪ್ಪ ಮೇಸ್ತ್ರಿ ಒಳಗೆ ಬಂದರು. ಹಣೆಗೆ ಮೂರು ಬೆರಳ ವಿಭೂತಿ, ಮೆಲು ಮಾತಿನ ಮನುಷ್ಯ. ಹಿಡಿಕೆ ಬರಿದಾಗಿದ್ದು ಕಂಡವರೇ ಕೂಗಿದರು.

"ಯಾರ ಬಿಚ್ಚಿದವ್ರು ಇದನ್ನ?"

"ನಾನ ಬಿಚ್ಚೇನ್ರಿ ಮೇಸ್ತ್ರಿಯವರ. ಸಾಹೇಬ್ರು ಬರ್ತಾರಲ್ಲ, ಹೊಲಸು ಕಾಣಾಕತ್ತಿತ್ತು."

"ಬಾಯಾರ, ಇದು ಅರಬಿ ಅಲ್ರಿ. ಇದು ಮಾಳಪ್ಪ ಅದಾನ್ರಿ. ಅಂವ ಗುಡ್ಡದ ತೊಟ್ಟ್ಯಾಗ ಜೇಕು ತಗ್ಯಾಕ ಇಳದಾನ. ಅಂವ ಮ್ಯಾಲ ಬಂದು, ಇಲ್ಲಿತನಕ ನಡಕೊಂಡು ಬಂದು, ತನ್ನ ಕೈಲೆ ಬಿಚ್ಚೂತನಕ ಈ ಹಿಡಿಕಿ ಸಾಕ್ಷಾತ್ ಶಿವ ಬಂದ್ರೂ ಮುಟ್ಟಂಗಿಲ್ರಿ."

ಜೇಕು ಎಂದರೆ ನೀರಿನಲ್ಲಿ ಬೆಳೆದು ಕಾಲುವೆಯ ಬಾಯಿ ಕಟ್ಟುವ ಹುಲ್ಲು. ಅವರು ವಲ್ಲಿಯನ್ನು ಮತ್ತೆ ಕಟ್ಟಿ, ಹಿಡಿಕೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟರು. ಒಂದು ತಾಸಿನ ಮೇಲೆ ಮಾಳಪ್ಪ ಬಂದ. ನನಗಿಂತ ನಾಲ್ಕು ವರ್ಷ ದೊಡ್ಡವನಿದ್ದಾನು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು, ಹಣೆಯಲ್ಲಿ ಸದಾ ಅರಿಶಿನದ ಭಂಡಾರ. ನಡೆದ ಕತೆ ಅವನಿಗೆ ಗೊತ್ತಿಲ್ಲ. ವಲ್ಲಿ ಬಿಚ್ಚಿದ, ಮುಖ ಒರೆಸಿದ, ಹೆಗಲಿಗೆ ಹಾಕಿಕೊಂಡು ನೀರು ಕೇಳಿದ. ತಂಬಿಗೆ ಕೊಡುವಾಗ ಅರ್ಧ ನೀರು ನೆಲಕ್ಕೆ ಚೆಲ್ಲಿದೆ. ಸಾಹೇಬರು ಬಂದಾಗ ನೆಲ ಒದ್ದೆಯಾಗಿತ್ತೆಂದು ಬೈಸಿಕೊಂಡೆ.

ಈ ಪದ್ಧತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಳಿಯುವವನು ಮೊದಲು ಪಂಪ್‌ಹೌಸಿಗೆ ಬಂದು ತನ್ನ ವಲ್ಲಿ ಕಟ್ಟಬೇಕು, ಆಮೇಲೆ ಗುಡ್ಡ ಹತ್ತಬೇಕು. ಇನ್ನೊಬ್ಬರ ವಲ್ಲಿಯನ್ನು ಒಡಹುಟ್ಟಿದ ಅಣ್ಣನೂ ಬಿಚ್ಚುವಂತಿಲ್ಲ. ಎಷ್ಟೋ ಸಾಹೇಬರು ಬಂದು ಹೋದರು, ಅವರಿಗೆ ಇದು ತಿಳಿಯಲೇ ಇಲ್ಲ.

ಆಗ ತೊಟ್ಟಿಯ ನೀರಿನ ಮಟ್ಟ ತಿಳಿಯಲು ಗುಡ್ಡದ ಮೇಲೆ ಒಬ್ಬ ಕಾವಲುಗಾರ ಮತ್ತು ಒಂದು ವಾಯರ್‌ಲೆಸ್ ಸೆಟ್ಟು. ಅರ್ಧ ತಾಸಿಗೊಮ್ಮೆ ಅವನು ಹೇಳಿದ್ದನ್ನು ಕೆಳಗೆ ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ದಿನ ಸಾಹೇಬರು ಮುಂಜಾನೆ ಹನ್ನೊಂದಕ್ಕೆ ಬಂದು ರಿಜಿಸ್ಟರ್ ತೆರೆದರೆ, ಮಧ್ಯಾಹ್ನ ಎರಡರ ಮಟ್ಟವೂ ನೀಟಾಗಿ ಬರೆದಿದೆ! ಆಪರೇಟರ್ ಈರಣ್ಣ ಊಟಕ್ಕೆ ಹೋಗುವ ಆತುರದಲ್ಲಿ ಮುಂಗಡ ಬರೆದಿಟ್ಟಿದ್ದ.

"ಏನಪಾ ಈರಣ್ಣ, ಜ್ಯೋತಿಷ್ಯ ಹೇಳೂದು ಯಾವಾಗ ಕಲ್ತಿ?" ಎಂದರು ಸಾಹೇಬರು.

"ದಿನಾ ಅಷ್ಟ ಇರ್ತೈತ್ರಿ ಸಾಹೇಬ್ರ. ಇವತ್ತೇನ್ ಬ್ಯಾರೆ ಆಗ್ತೈತಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ಪುಟಗಳನ್ನು ತಿರುವುತ್ತ ಹೋದೆ. ಇದರಲ್ಲಿ ಎಷ್ಟು ಖರೆ, ಎಷ್ಟು ಮುಂಗಡ? ಅಕ್ಷರ ಎಲ್ಲ ಒಂದೇ ತರ ದುಂಡಗಿತ್ತು. ಅವತ್ತಿನಿಂದ ಬರೆದ ಅಂಕಿಯನ್ನು ಕಂಡರೆ ನನಗೆ ಒಂದು ನಮೂನೆಯ ದಿಗಿಲು. ವಾರಕ್ಕೆರಡು ಸಲ ನಾನೇ ಗುಡ್ಡ ಹತ್ತಿ ಕಣ್ಣಾರೆ ನೋಡಿ ಬರುತ್ತಿದ್ದೆ. ಸಹೋದ್ಯೋಗಿಗಳು ನನಗೆ 'ಗುಡ್ಡದ ಎಲ್ಲವ್ವ' ಎಂದು ಹೆಸರಿಟ್ಟರು. ಇಡಲಿ ಬಿಡಿ.

ವರ್ಷಗಳು ಹೋದವು. ಗುರುಪಾದಪ್ಪನವರು ನಿವೃತ್ತರಾದರು. ತೊಟ್ಟಿಗೆ ಮಟ್ಟ ಅಳೆಯುವ ಸೆನ್ಸರ್ ಬಂತು, ಅದನ್ನು ರೇಡಿಯೋ ಮೂಲಕ ಕೆಳಗೆ ಕಳಿಸುವ ಪೆಟ್ಟಿಗೆ ಬಂತು, ಕಾವಲುಗಾರನ ಹುದ್ದೆ ಹೋಯಿತು. ಪೆಟ್ಟಿಗೆ ಬಂದರೂ ಅದರ ಜೊತೆ ಬಂದ ಪ್ರೋಗ್ರಾಂ ಆರು ತಿಂಗಳಿಗೇ ಕೆಟ್ಟು ಕೂತಿತು. ಕೊಟ್ಟವರು ಫೋನು ಎತ್ತಲಿಲ್ಲ. 2010ರ ದಶಕದ ನಡುವಿನ ಮಾತು. ಮುಧೋಳದಲ್ಲಿ ಪರಿಚಯದ ಕಂಪ್ಯೂಟರ್ ಮೇಷ್ಟರೊಬ್ಬರಿದ್ದರು. ಐವತ್ತು ದಾಟಿದ ನಾನು ಆದಿತ್ಯವಾರ ಬಸ್ಸು ಹತ್ತಿ ಅವರ ಹತ್ತಿರ ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಕಲಿತೆ. ಜೋಳ ಹಸನು ಮಾಡುವಾಗಲೂ ತಲೆಯಲ್ಲಿ ಅದೇ. ನಾಲ್ಕು ತಿಂಗಳಲ್ಲಿ ಕಂಪ್ಯೂಟರಿಗೆ ನನ್ನದೇ ಒಂದು ಪರದೆ ಬರೆದೆ: ತೊಟ್ಟಿಯ ಮಟ್ಟ, ಮೋಟಾರಿನ ಕರೆಂಟು, ಮೂಲೆಯಲ್ಲಿ ಗಡಿಯಾರ.

ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗಲೆಂದು ಅದರ ಹೊಟ್ಟೆಯೊಳಗಿನ ಸಂಗತಿ ಹೇಳುತ್ತೇನೆ. ಗುಡ್ಡದ ಪೆಟ್ಟಿಗೆಗೆ "ಮಟ್ಟ ಎಷ್ಟು?" ಎಂದು ಕೇಳಿದರೆ ಉತ್ತರ ಬರಲು ಕೆಲವೊಮ್ಮೆ ಎಂಟು ಹತ್ತು ಸೆಕೆಂಡು ಬೇಕು. ನನ್ನ ಮೊದಲ ಪ್ರೋಗ್ರಾಂ ಕೇಳಿ ಸುಮ್ಮನೆ ಕಾಯುತ್ತಿತ್ತು. ಕಾಯುವಾಗ ಪರದೆ ಕಾಣುವ ಕಿಟಕಿಯೂ, ಅಂದರೆ ವಿಂಡೋ, ಸತ್ತಂತೆ ನಿಂತುಬಿಡುತ್ತಿತ್ತು, ಗಡಿಯಾರ ನಿಲ್ಲುತ್ತಿತ್ತು, ಗುಂಡಿ ಒತ್ತಿದರೆ ಕೇಳುತ್ತಿರಲಿಲ್ಲ. "ಬಾಯಾರ, ನಿಮ್ಮ ಟೀವಿ ಮತ್ತ ಬೆಳ್ಳಗ ಬಿಳಚಿಕೊಂತ್ರಿ" ಎಂದು ಈರಣ್ಣ ಕೂಗುತ್ತಿದ್ದ. ಪ್ರೋಗ್ರಾಮಿನ ಪಾಡು, ಹಂಚಿನ ಮೇಲೆ ರೊಟ್ಟಿ ಹಾಕಿ, ಪೋಸ್ಟಿನವನು ಬಂದನೇ ಎಂದು ಬಾಗಿಲಲ್ಲೇ ನಿಂತುಬಿಟ್ಟ ಹೆಂಗಸಿನ ಹಾಗೆ. ಸೆಕೆಂಡಿಗೊಮ್ಮೆ ಗುಡ್ಡವನ್ನು ಕರೆ ಎಂದು ಕಿಟಕಿಯ ಟೈಮರಿಗೆ ಹೇಳಿ ನೋಡಿದೆ. ಪ್ರತಿ ಕರೆಯೂ ಹೋಗಿ ಬಾಗಿಲಲ್ಲೇ ನಿಲ್ಲುತ್ತಿತ್ತು.

ಆಗ ಮೇಷ್ಟರು ಅಸಿಂಕ್ ಎಂಬುದನ್ನು ತೋರಿಸಿದರು. ಕೇಳುವುದು ಕೇಳಿ, ಉತ್ತರ ಬರುವತನಕ ಉಳಿದ ಕೆಲಸ ನೋಡಿಕೊಳ್ಳುವ ಪದ್ಧತಿ. ತೊಡಕು ಏನೆಂದರೆ, ಅಸಿಂಕ್‌ಗೆ ಸರದಿಯಂತೆ ಕೆಲಸ ಮಾಡಿಸುವ ತನ್ನದೊಂದು ಸುತ್ತು ಇದೆ, ಕಿಟಕಿಗೂ ತನ್ನದೊಂದು ಸುತ್ತು ಇದೆ. ಇಬ್ಬರೂ ತಾವೇ ಯಜಮಾನರು ಎನ್ನುತ್ತಾರೆ. ಒಬ್ಬನನ್ನು ಕೂರಿಸಿದರೆ ಇನ್ನೊಬ್ಬ ಕೆಲಸ ಬಿಡುತ್ತಾನೆ. ಎರಡು ವಾರ ತಿಣುಕಾಡಿ, ಯಜಮಾನಿಕೆಯನ್ನು ಅಸಿಂಕ್‌ಗೆ ಕೊಟ್ಟು, ಅದರೊಳಗೇ ಒಂದು ಸಣ್ಣ ಕೆಲಸ ಇಟ್ಟೆ: ಸೆಕೆಂಡಿಗೆ ಇಪ್ಪತ್ತು ಸಲ ಕಿಟಕಿಯನ್ನು ತಟ್ಟಿ ಎಬ್ಬಿಸು, ಸ್ವಲ್ಪ ಮಲಗು, ಮತ್ತೆ ತಟ್ಟು. ಗುಡ್ಡವನ್ನು ಕೇಳುವುದು ಇನ್ನೊಂದು ಬೇರೆ ಕೆಲಸ. ಎರಡೂ ಅಕ್ಕಪಕ್ಕ ಓಡತೊಡಗಿದವು. ಗಡಿಯಾರದ ಸೆಕೆಂಡು ಒಂದೂ ತಪ್ಪದೆ ಹೋಗುವುದನ್ನು ಕಂಡು ನನಗೆ ಕಣ್ಣೀರೇ ಬಂತು. ಹೆಮ್ಮೆ ಪಟ್ಟೆ, ಸುಳ್ಳೇಕೆ ಹೇಳಲಿ.

ಆ ಹೆಮ್ಮೆಯಲ್ಲೇ ನಾನು ಎಡವಿದ್ದು. ಮಾಳಪ್ಪನಿಗೆ ಮೊಣಕಾಲು ನೋವು ಶುರುವಾಗಿತ್ತು. ವಲ್ಲಿ ಕಟ್ಟಲಿಕ್ಕೆ ಕೆಳಗೆ ಬಂದು, ಗುಡ್ಡ ಹತ್ತಿ, ಬಿಚ್ಚಲಿಕ್ಕೆ ಮತ್ತೆ ಇಳಿದು ಬರುವುದು ಅವನಿಗೆ ಕಷ್ಟ. ಅವನ ಮನೆಯೋ ಗುಡ್ಡದ ಆಚೆ ಮಗ್ಗುಲಿಗೆ. ನಾನು ತೊಟ್ಟಿಯ ಕಟ್ಟೆಗೆ ಒಂದು ಸ್ವಿಚ್ ಹಾಕಿಸಿದೆ. ಇಳಿಯುವಾಗ ಸ್ವಿಚ್ ಹಾಕಿದರೆ ಕೆಳಗಿನ ಪರದೆಯಲ್ಲಿ 'ಒಳಗೆ ಆಳು' ಎಂದು ಕೆಂಪು. ತೆಗೆದರೆ ಹಸಿರು.

"ಇನ್ನ ನೀ ಕೆಳಗ ಬರೂದು ಬ್ಯಾಡ ಮಾಳಪ್ಪ. ಸ್ವಿಚ್ ಹಾಕಿ ಇಳಿ, ಸಾಕು."

"ಬರೇ ಸ್ವಿಚ್ ಹಾಕಿದ್ರ ಸಾಕೇನ್ರಿ? ಕೆಳಗ ನಿಮಗ ನಾ ಕಾಣಸ್ತೀನ್ರಿ?"

"ಕೆಂಪ ಕಾಣಸ್ತಿ. ನಾ ಬರದೇನಿ ಅದನ್ನ."

ನೀವು ಬರೆದದ್ದಾದರೆ ಆಯಿತು ಎಂದು ಒಪ್ಪಿಕೊಂಡ. ಹನ್ನೊಂದು ತಿಂಗಳು ಹೀಗೇ ನಡೆಯಿತು. ಆ ಹನ್ನೊಂದು ತಿಂಗಳಲ್ಲಿ ನಾನು ಒಮ್ಮೆಯೂ ಗುಡ್ಡ ಹತ್ತಲಿಲ್ಲ. ಅಂಜಿಕೆ ಬಿಟ್ಟ ವರ್ಷ ಎಂದೆನಲ್ಲ, ಅದೇ ಇದು.

ಕೊಳವೆಯ ಗಾಳಿ ಕವಾಟ ರಿಪೇರಿಗೆಂದು ಒಮ್ಮೆ ಮೂರು ದಿನ ಪಂಪು ನಿಲ್ಲಿಸಿ, ಕೊಳವೆಯ ಮೇಲಿನ ಭಾಗದ ನೀರು ಖಾಲಿ ಮಾಡಿದ್ದರು. ಮೂರನೇ ದಿನ ಮಧ್ಯಾಹ್ನ ರಿಪೇರಿ ಮುಗಿಯಿತು. ಕಾಲುವೆಯ ಕೊನೆಯ ಕಬ್ಬಿನವರು ನೀರಿಗಾಗಿ ಕೂಗುತ್ತಿದ್ದರು, ಆಫೀಸಿನಿಂದ ಮೇಲಿಂದ ಮೇಲೆ ಫೋನು. ಪರದೆ ನೋಡಿದೆ. ಹಸಿರು. ಗಡಿಯಾರದ ಸೆಕೆಂಡು ಟಕಟಕ ಓಡುತ್ತಿದೆ.

"ಹಸರೈತ್ರಿ ಬಾಯಾರ. ಹಚ್ಚಲ್ರಿ?" ಎಂದ ಈರಣ್ಣ.

"ಹಚ್ಚು."

ಮೋಟಾರು ಎದ್ದಿತು. ನೆಲ ಗುಂಯ್ ಎಂದಿತು. ಖಾಲಿ ಕೊಳವೆಯಾದ್ದರಿಂದ ನೀರು ಗುಡ್ಡ ಮುಟ್ಟಲು ಹತ್ತು ನಿಮಿಷ ಬೇಕು. ಈರಣ್ಣ ಚಹಾ ಕೊಟ್ಟ. ಕುಡಿಯುತ್ತ ಪರದೆ ನೋಡುತ್ತಿದ್ದೆ. ತೊಟ್ಟಿಯ ತಳದಲ್ಲಿ ನಿಂತ ನೀರಿನ ಮಟ್ಟ 0.41 ಮೀಟರು. ಕಪ್ಪು ಅರ್ಧವಾಯಿತು. 0.41. ಆ ಸೆನ್ಸರಿನ ಸ್ವಭಾವ ನನಗೆ ಗೊತ್ತಿತ್ತು. ಅದರ ಕೊನೆಯ ಅಂಕಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಗಾಳಿ ಬೀಸಿದರೂ 0.42, ಕಾಗೆ ನೀರು ಕುಡಿದರೂ 0.40. ಈಗ ಕಲ್ಲಿನಲ್ಲಿ ಕೆತ್ತಿದಂತೆ 0.41.

ಬನಹಟ್ಟಿಯ ಮಗ್ಗದ ಮನೆಯಲ್ಲಿ ಬೆಳೆದವಳು ನಾನು. ಪವರ್‌ಲೂಮಿನ ಖಟಖಟ ಕೇಳುತ್ತಿದ್ದರೆ ಕೆಲಸ ನಡೆದಿದೆ ಎಂದು ನೆಮ್ಮದಿ ನಮಗೆ. ಸಪ್ಪಳ ನಿಂತರೆ ಮಾತ್ರ ಎದ್ದು ನೋಡುವುದು. ನಮ್ಮಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡಿದ ತಪ್ಪು ಒಂದಿದೆ: ಲಾಳಿಯೊಳಗಿನ ನೂಲು ಮುಗಿದರೂ ಹಳೆಯ ಮಗ್ಗ ಸಪ್ಪಳ ಮಾಡುತ್ತಲೇ ಇರುತ್ತದೆ, ಲಾಳಿ ಅತ್ತಿಂದಿತ್ತ ಬರಿದೇ ಓಡುತ್ತದೆ, ಬಟ್ಟೆ ಮಾತ್ರ ಬೆಳೆಯುವುದಿಲ್ಲ. ಅವ್ವ ತಲೆಗೆ ಮೊಟಕಿ, "ಸಪ್ಪಳ ಏನ್ ಕೇಳ್ತಿ, ಬಟ್ಟಿ ನೋಡ" ಎನ್ನುತ್ತಿದ್ದಳು. ನಾನು ಇಷ್ಟು ಹೊತ್ತು ಗಡಿಯಾರದ ಸಪ್ಪಳ ಕೇಳುತ್ತ ಕೂತಿದ್ದೆ. ಬಟ್ಟೆ ಎಲ್ಲಿ?

"ಈರಣ್ಣಾ, ಬಂದ್ ಮಾಡೋ! ಬಂದ್ ಮಾಡೋ!"

ಅವನು ಏನು ಎತ್ತ ಕೇಳದೆ ಕೆಂಪು ಗುಂಡಿಗೆ ಗುದ್ದಿದ. ಮೋಟಾರು ನರಳುತ್ತ ನಿಂತಿತು. ಎಷ್ಟು ನಿಮಿಷ ಆಗಿತ್ತು? ಆರೋ, ಎಂಟೋ? ಇಬ್ಬರಿಗೂ ನೆನಪಿಲ್ಲ. ಮಾಳಪ್ಪನಿಗೆ ಫೋನು ಹಚ್ಚಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದೆ. ಅವನು ಇವತ್ತು ತೊಟ್ಟಿಗೆ ಬಂದಿಲ್ಲ, ಹೊಲದಲ್ಲಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಈರಣ್ಣನಿಗೆ ಹಿಡಿಕೆಯ ಮುಂದೆಯೇ ನಿಲ್ಲು ಎಂದು ಹೇಳಿ, ಸ್ಕೂಟಿ ತೆಗೆದುಕೊಂಡು ಗುಡ್ಡದ ಗಾಡಿ ದಾರಿಗೆ ಬಿದ್ದೆ. ಆ ಎರಡು ಮೈಲು ದಾರಿಯಲ್ಲಿ ನಾನು ನೆನೆಯದ ದೇವರಿಲ್ಲ.

ಕಟ್ಟೆಯ ಮೇಲೆ ಅವನ ಚಪ್ಪಲಿ ಇತ್ತು. ಮಡಚಿದ ಅಂಗಿ ಇತ್ತು, ಅಂಗಿಯ ಮೇಲೆ ಫೋನು ಇತ್ತು. ಸ್ವಿಚ್ ಹಾಕಿತ್ತು. ನಾನು ಹೇಳಿದ್ದನ್ನು ಅವನು ಚಾಚೂ ತಪ್ಪದೆ ಮಾಡಿದ್ದ.

ಬಗ್ಗಿ ನೋಡಬೇಕು. ಆಗಲಿಲ್ಲ. ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ ನಿಂತೆ. ಇವತ್ತಿಗೂ ಆ ಸಿಮೆಂಟಿನ ಬಿಸಿ ಅಂಗೈಗೆ ನೆನಪಿದೆ. ಆಮೇಲೆ ಏಣಿ ಕಿರುಗುಟ್ಟಿತು. ಮಾಳಪ್ಪನ ತಲೆ ಮೇಲೆ ಬಂತು, ಕಿವಿಯ ಮೇಲೆ ಜೇಕಿನ ಎಳೆ ನೇತಾಡುತ್ತಿತ್ತು.

"ಯಾಕ್ರಿ ಬಾಯಾರ, ನೀವು ಬಂದ್ರಿ?"

ಅವನೇ ಹೇಳಿದ:

"ಪೈಪಿನ ಬಾಯಾಗಿಂದ ಸುಂಯ್ ಅಂತ ಗಾಳಿ ಬಂತ್ರಿ. ದೊಡ್ಡ್ಯಾಗ ತೋಳ ಹೊಕ್ಕಾಗ ಕುರಿ ಹೆಂಗ ಕಿವಿ ನಿಗರಿಸ್ತಾವು, ಹಂಗ ಆತ್ರಿ ನನಗ. ಓಡಿ ಏಣಿ ಹಿಡದ್ನಿ. ಅಷ್ಟರಾಗ ಗಾಳಿ ನಿಂತಿತ್ರಿ." ನಕ್ಕ. "ಸ್ವಿಚ್ ಹಾಕಿದ್ನೆಲ್ರಿ. ನಿಮ್ಮ ಪರದ್ಯಾಗ ನಾ ಕಾಣಿಸಿರಬೇಕು, ಅದಕ್ಕ ಬಂದ್ ಮಾಡಿದ್ರಿ. ಹೌದಲ್ರಿ?"

ನಾನು "ಹೌದು" ಎಂದೆ.

ಒಂದು ಮಾತು. ಯಾಕೆ ಹಾಗೆಂದೆ? ನಾಚಿಕೆ ಇರಬಹುದು, ನೌಕರಿಯ ಹೆದರಿಕೆ ಇರಬಹುದು. ಬಾಯಿಗೆ ಮೊದಲು ಬಂದದ್ದು ಅದು.

ಮರುದಿನ ಮುಂಜಾನೆ ಮಾಳಪ್ಪ ತೆಂಗಿನಕಾಯಿ ಹಿಡಿದು ಪಂಪ್‌ಹೌಸಿಗೆ ಬಂದ. ಮೊಣಕಾಲು ನೋವಿನಲ್ಲೂ ನಡೆದೇ ಬಂದಿದ್ದ. ನಾನು ಬೇಡ ಎನ್ನುವಷ್ಟರಲ್ಲಿ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಕಂಪ್ಯೂಟರಿನ ಹಣೆಗೆ ಹಚ್ಚಿ ಕೈಮುಗಿದ. ಈರಣ್ಣನೂ ಕೈಮುಗಿದ. ಸುದ್ದಿ ದೊಡ್ಡ ಸಾಹೇಬರಿಗೆ ಹೋಗಿ, ಅವರು ಜೀಪಿನಲ್ಲಿ ಬಂದರು. ಈ ಹೊತ್ತಿಗೆ ಬೇರೆ ಸಾಹೇಬರು, ಚುರುಕು ಮನುಷ್ಯ. "ಒಂದು ಜೀವ ಉಳಿಸಿದ ಪ್ರೋಗ್ರಾಂ ಇದು. ಇನ್ನೂ ಮೂರು ಪಂಪ್‌ಹೌಸಿಗೆ ಹಾಕೋಣ" ಎಂದು ಬೆನ್ನು ತಟ್ಟಿದರು. ಮೂರು ಪಂಪ್‌ಹೌಸು, ಮೂರು ತೊಟ್ಟಿ, ಇಳಿಯುವವರು ಎಷ್ಟು ಜನವೋ.

ಎಲ್ಲರೂ ಹೋದ ಮೇಲೆ ಪ್ರೋಗ್ರಾಮನ್ನು ಮುಚ್ಚಿದೆ. ಮುಚ್ಚಿದ ಕೂಡಲೇ, ಪ್ರೋಗ್ರಾಂ ತನ್ನ ತಪ್ಪು ಬರೆಯುವ ಕರಿ ಕಿಟಕಿಯಲ್ಲಿ ನಾಲ್ಕು ಸಾಲು ದೂರು ಉದುರಿತು. ಗುಡ್ಡವನ್ನು ಕೇಳುವ ಕೆಲಸ ಹಿಂದಿನ ದಿನ ಮುಂಜಾನೆಯೇ ಸತ್ತಿತ್ತು. ರೇಡಿಯೋದಿಂದ ಅರ್ಧ ಮುರಿದ ಉತ್ತರವೊಂದು ಬಂದಿದೆ, ಅದನ್ನು ಅಂಕಿ ಮಾಡಲಾಗದೆ ನನ್ನ ಪ್ರೋಗ್ರಾಮಿನ ಆ ಭಾಗ ಬಿದ್ದಿದೆ. ಅಸಿಂಕ್‌ನಲ್ಲಿ ಹೀಗೆ ಹಿನ್ನೆಲೆಗೆ ಬಿಟ್ಟ ಕೆಲಸ ಸತ್ತರೆ ಯಾರೂ ಅಳುವುದಿಲ್ಲ. ಅದರ ಫಲ ಏನಾಯಿತೆಂದು ಯಾರಾದರೂ ಕೇಳಬೇಕು. ನಾನು ಕೇಳಿರಲಿಲ್ಲ. ಕಿಟಕಿಯನ್ನು ತಟ್ಟುವ ಕೆಲಸ ಮಾತ್ರ ಪಕ್ಕದಲ್ಲಿ ಹೆಣ ಬಿದ್ದದ್ದೂ ತಿಳಿಯದೆ ಸೆಕೆಂಡಿಗೆ ಇಪ್ಪತ್ತು ಸಲ ತಟ್ಟುತ್ತಲೇ ಇತ್ತು. ಕೊನೆಯ ಮಟ್ಟ, ಕೊನೆಯ ಹಸಿರು, ಹೊಚ್ಚ ಹೊಸ ಗಡಿಯಾರ. ಮೊದಲಿನ ಬಿಳಚಿದ ಕಿಟಕಿಯೇ ವಾಸಿಯಿತ್ತು, ಸತ್ತಿದ್ದೇನೆ ಎಂದಾದರೂ ಹೇಳುತ್ತಿತ್ತು.

ಸರಿಪಡಿಸಲು ಎರಡು ದಿನ ಸಾಕಾಯಿತು. ಮುರಿದ ಉತ್ತರ ಬಂದರೆ ಬಿಟ್ಟು ಮತ್ತೆ ಕೇಳುವುದು, ಕೇಳುವ ಕೆಲಸ ಸತ್ತರೆ ಕೂಗು ಹಾಕುವುದು. ಗಡಿಯಾರ ತೆಗೆದು ಆ ಜಾಗದಲ್ಲಿ ಗುಡ್ಡದ ಕೊನೆಯ ಉತ್ತರ ಬಂದು ಎಷ್ಟು ಸೆಕೆಂಡಾಯಿತು ಎಂದು ತೋರಿಸಿದೆ. ಮೂವತ್ತು ದಾಟಿದರೆ ಹಸಿರೂ ಇಲ್ಲ, ಅಂಕಿಯೂ ಇಲ್ಲ, ಇಡೀ ಪರದೆ ಕಪ್ಪು. ನೀವು ಯಾವ ಪರದೆ ಬರೆದರೂ ಮೊದಲು ಇದನ್ನು ಬರೆಯಿರಿ. ಆದರೆ ಜೀವದ ಮಾತನ್ನು ಪ್ರೋಗ್ರಾಮಿನ ಕೈಗೆ ಮಾತ್ರ ಕೊಡಬೇಡಿ, ಎಷ್ಟು ಸರಿಪಡಿಸಿದ್ದರೂ.

ಸಾಹೇಬರ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿದರು.

"ಏನೂ ಆಗಿಲ್ಲಲ್ರಿ? ಸರಿನೂ ಮಾಡೀರಿ. ಸುಮ್ನ ಕೆರದು ಹುಣ್ಣ ಮಾಡ್ಕೋಬ್ಯಾಡ್ರಿ. ಇನ್ನ ನಾಕ ವರ್ಷ ನೌಕರಿ ಐತಿ ನಿಮ್ದು."

ಆ ಮಾತಿನಲ್ಲಿ ನನ್ನ ಮೇಲೆ ಕರುಣೆಯೂ ಇತ್ತು, ಅದೇ ಇನ್ನೂ ಹೆಚ್ಚು ಹೆದರಿಸಿತು. ಕಾಗದದ ಮೇಲೆ ಬರೆದು, ಸಹಿ ಮಾಡಿ, ಅವರ ಮೇಜಿನ ಮೇಲಿಟ್ಟು ಬಂದೆ. ಅದರಿಂದ ನನಗೇನಾಯಿತು ಎಂಬುದು ಕಡತದಲ್ಲಿದೆ, ಇಲ್ಲಿ ಬೇಡ. ಸಾಹೇಬರಿಗೆ ಹೇಳುವುದಕ್ಕಿಂತ ಕಷ್ಟದ್ದು ಇನ್ನೊಂದು ಉಳಿದಿತ್ತು. ಮಾಳಪ್ಪ ನನ್ನ ಸುಳ್ಳನ್ನು ನಂಬಿ ಮತ್ತೆ ಇಳಿಯುವವನಿದ್ದ.

ಮುಂದಿನ ಸೋಮವಾರ ಮುಂಜಾನೆ ಅವನಿಗಿಂತ ಮೊದಲೇ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಕೆಳಗೆ ಈರಣ್ಣನಿಗೆ, ನಾನು ಫೋನಿನಲ್ಲಿ ನನ್ನ ಬಾಯಿಂದ ಹ್ಞೂಂ ಎನ್ನುವತನಕ ಹಿಡಿಕೆ ಮುಟ್ಟಬೇಡ ಎಂದು ಹೇಳಿದ್ದೆ. ಮಾಳಪ್ಪ ಬಂದ, ಅಂಗಿ ಕಳಚಿದ, ಸ್ವಿಚ್ಚಿಗೆ ಕೈ ಹಾಕಿದ.

"ಮಾಳಪ್ಪ, ಅವತ್ತ ಪರದ್ಯಾಗ ನೀ ಇರ್ಲಿಲ್ಲ. ಹಸರ ಇತ್ತು. ನಾನ ಹಚ್ಚು ಅಂದಿದ್ದೆ."

ಅವನ ಕೈ ಸ್ವಿಚ್ಚಿನ ಮೇಲೇ ನಿಂತಿತು. ತೊಟ್ಟಿಯೊಳಗೆ ನೋಡಿದ.

"ಮತ್ತ ಯಾಕ ಬಂದ್ ಮಾಡಿದ್ರಿ?"

"ಅಂಜಿಕಿ ಬಂತು."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹಣೆಯ ಭಂಡಾರ ಬೆವರಿನಲ್ಲಿ ಇಳಿಯುತ್ತಿದ್ದುದನ್ನು ಒರೆಸಿಕೊಂಡ.

"ಜೇಕಂತೂ ತಗೀಲೇಬೇಕ್ರಿ, ಕಾಲಿವಿ ಬಾಯಿ ಕಟ್ಟೈತಿ. ನೀವ ಇಲ್ಲೇ ಕುಂದರ್ರಿ ಹಂಗಾದ್ರ. ನನ್ನ ಹೆಸರ ಹಿಡದು ಕರಕೋತ ಇರ್ರಿ. ನಾ ಓ ಅಂತೀನಿ."

ಅವನು ಇಳಿದ. ನಾನು ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತು ಕರೆಯತೊಡಗಿದೆ. "ಮಾಳಪ್ಪಾ." "ಓ." ಸ್ವಲ್ಪ ಹೊತ್ತು ಬಿಟ್ಟು, "ಮಾಳಪ್ಪಾ." "ಓ." ಗುಂಡಿಯೊಳಗಿಂದ ಆ ಓ ದಪ್ಪವಾಗಿ ಏರಿ ಬರುತ್ತಿತ್ತು. ಹೊಲಕ್ಕೆ ಹೊರಟ ಹೆಂಗಸರಿಬ್ಬರು ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕು ಹೋದರು. ನಾಚಿಕೆಯಾಗಲಿಲ್ಲ. ಅರ್ಧ ತಾಸು ಹೀಗೇ ಹೋಯಿತು.

"ಮಾಳಪ್ಪಾ."

ಉತ್ತರ ಬರಲಿಲ್ಲ.

"ಮಾಳಪ್ಪಾ!"

ಬರಲಿಲ್ಲ. ಬಗ್ಗಿದೆ. ಕೊಳವೆಯ ಬಾಯಿಯ ಕೆಳಗೆ ನೆರಳು, ಏನೂ ಕಾಣದು. ಎಣಿಸಿದೆ: ಹತ್ತು, ಹದಿನೈದು, ಇಪ್ಪತ್ತು. ಮತ್ತೆ ಕೂಗಿದೆ, ಗಂಟಲು ಒಡೆಯಿತು. ಫೋನನ್ನು ಕಟ್ಟೆಯ ಮೇಲೆ ಒಗೆದು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕಾಲು ಹಾಕಿದೆ. ಹಲ್ಲಿಗೆ ಹೆದರುವ ನಾನು ಆ ಜಾರು ಏಣಿಯನ್ನು ಹೇಗೆ ಇಳಿದೆನೋ ತಿಳಿಯದು. ತಳದ ಮೊಣಕಾಲುದ್ದ ನೀರಿನಲ್ಲಿ ಬಿದ್ದು ಎದ್ದು ಓಡಿದೆ.

ಮಾಳಪ್ಪ ಕಾಲುವೆಯ ಬಾಗಿಲ ಸಂದಿಯೊಳಗೆ ಭುಜದವರೆಗೂ ಹೊಕ್ಕು, ಜೇಕಿನ ಗಡ್ಡೆಯೊಂದನ್ನು ಎರಡೂ ಕೈಯಿಂದ ಜಗ್ಗುತ್ತಿದ್ದ. ಕಿವಿಗೆ ಏನೂ ಬಿದ್ದಿರಲಿಲ್ಲ. ನಾನು ಅವನ ರಟ್ಟೆ ಹಿಡಿದು ಎಳೆದೆ. ತಿರುಗಿ ನೋಡಿದವನ ಮುಖ ನನ್ನನ್ನು ಕಂಡದ್ದೇ ಬಿಳಿಚಿತು. ಪಂಪ್‌ಹೌಸಿನ ನನ್ನ ಇಪ್ಪತ್ತು ವರ್ಷಗಳಲ್ಲಿ ಮಾಳಪ್ಪ ಅಂಜಿದ್ದನ್ನು ನೋಡಿದ್ದು ಅದೊಂದೇ ಸಲ.

"ನೀವ್ಯಾಕ ಇಳದ್ರಿ ಬಾಯಾರ?" ಎಂದ. "ಈಗ ಮ್ಯಾಲ ಯಾರ ಅದಾರ್ರಿ?"

ಮೇಲೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ನಾನು ಒಗೆದು ಬಂದ ಫೋನು ಹೊಡೆದುಕೊಳ್ಳುತ್ತಿತ್ತು. ಹಚ್ಚಲೇ ಎಂದು ಕೇಳುವ ಈರಣ್ಣನೇ ಇರಬೇಕು, ಬೇಡ ಎನ್ನಲು ಅಲ್ಲಿ ಯಾರೂ ಇಲ್ಲ. ಇಬ್ಬರೂ ಏಣಿಯ ಕಡೆ ಓಡಿದೆವು.